ಹಾರೆ ಬಡಿದು ಕೇಳುವುದು

ಹಟ್ಟಿಯ ಹಳೆಯ ಸುರಂಗದ ಬಾಯಲ್ಲಿ
ನನ್ನ ಯಂತ್ರ ಕೂತಿದೆ ಸಿಮೆಂಟು ಕಟ್ಟೆಯ ಮೇಲೆ,
ಬೋರಲು ಹಾಕಿದ ಸ್ಟೀಲಿನ ಡಬರಿಯಷ್ಟು.
ಅದಕ್ಕೆ ನಿದ್ದೆಯಿಲ್ಲ.
ಕುರಿ ಹಾದರೆ ಬರೆಯುತ್ತದೆ, ಲಿಂಗಸುಗೂರಿನ ಬಸ್ಸು ಹೋದರೆ ಬರೆಯುತ್ತದೆ,
ಪಾಳಿ ಮುಗಿದು ಕೆಳಗೆ ಮದ್ದು ಸಿಡಿಸಿದರೆ
ಗೆರೆಯೆಲ್ಲ ಮುಳ್ಳುಹಂದಿ.

ಮಂಗಳವಾರ ಬೆಳಗಿನ ಜಾವ ಮೂರು ಹನ್ನೆರಡಕ್ಕೆ
ಮದ್ದಲ್ಲದ್ದು ಬಂತು.
ಮೊದಲು ಸಣ್ಣಗೆ, ಯಾರೋ ಕದ ತಟ್ಟಿ ಸುಮ್ಮನಾದಂತೆ;
ನಾಲ್ಕು ನಿಮಿಷದ ಮೇಲೆ ಉದ್ದನೆಯ ಓಲಾಟ,
ಬಂಡಿಯೊಂದು ಹಳ್ಳದ ಮರಳು ದಾಟುವ ಹಾಗೆ.
ಅಂಡಮಾನಿನ ಪಡುವಲಿಗೆ, ಹಡಗೂ ಇಲ್ಲದ ಕಡೆ,
ನೀರಿನ ಕೆಳಗೆ ಕೆಸರು, ಕೆಸರಿನ ಕೆಳಗೆ ಕಲ್ಲು,
ಕಲ್ಲು ಹಿಡಿದ ಕಲ್ಲು ಬಿಟ್ಟುಕೊಂಡಿತ್ತು.
ಹಟ್ಟಿ ಮಗ್ಗುಲು ಬದಲಿಸಲಿಲ್ಲ.

ಈಗ ಕಾಣದ ಆ ಬಿರುಕಿಗೆ
ಚೌಕಾಬಾರದ ಮನೆಗಳಂತೆ ಗೆರೆ ಹಾಕುತ್ತೇನೆ.
ಉದ್ದಕ್ಕೆ ಮೂವತ್ತು, ಆಳಕ್ಕೆ ಎಂಟು.
ಈ ಮನೆ ಎಷ್ಟು ಜಾರಿತು? ಮೂರು ಮೀಟರು.
ಇದು? ಒಂದು. ಯಾವಾಗ? ಹನ್ನೊಂದನೇ ಸೆಕೆಂಡಿಗೆ.
ಊಹಿಸಿದ ನಡುಕವನ್ನು ಬಂದ ನಡುಕದ ಮೇಲಿಟ್ಟು
ಹೊಂದದ್ದನ್ನು ಅಳೆದು, ಮತ್ತೆ ಹಂಚಿ, ಮತ್ತೆ.
ಹೊಂದುವ ಉತ್ತರ ಒಂದೇ ಇದ್ದಿದ್ದರೆ!
ಹತ್ತು ಬೇರೆ ಬಿರುಕುಗಳು
ಇದೇ ಗೆರೆ ಬರೆಯಬಲ್ಲವು.

ಹುಸೇನಪ್ಪ ಚಹಾ ತಂದ. ಮೂವತ್ತೊಂದು ವರ್ಷ
ಗಣಿಯೊಳಗೆ ತಲೆ ಮೇಲಿನ ಕಲ್ಲು ನೋಡಿದವನು; ಎಡಗಿವಿ ಮಂದ.
ಪರದೆಯ ಕೆಂಪು ಹಳದಿ ಮನೆಗಳನ್ನು ನೋಡಿ
"ಇದು ನಮ್ಮ ಹಾರಿ ಕೆಲಸನ ಬಿಡವ್ವ" ಅಂದ.
"ಹೊಗಿ ಇಳಿದ ಮ್ಯಾಲೆ ಒಳಗ ಹೋಗಿ ಬಡೀತಿದ್ವಿ.
ಠಣ್ ಅಂದ್ರ ಗಟ್ಟಿ. ಡಬ್ ಅಂದ್ರ ಒಳಗ ಬಿಟ್ಟೈತಿ.
ಎಷ್ಟು ಬಿಟ್ಟೈತಿ, ಯಾ ಕಡಿ ಬೀಳ್ತೈತಿ,
ಅದು ಒಂದ ಸಪ್ಪಳದಾಗ ಇರಂಗಿಲ್ಲ.
ಇನ್ನೊಂದು ಕಡಿ ನಿಂತು ಬಡಿಬೇಕು."

ಇನ್ನೊಂದು ಕಡೆ ಬರೀ ನೀರು, ಹುಸೇನಪ್ಪ.
ನಮ್ಮ ಕಿವಿಗಳೆಲ್ಲ ಒಣ ನೆಲದಲ್ಲಿ.
ಆಳದ ತುದಿ ದ್ವೀಪಗಳ ಕೆಳಗಿದೆ, ಅಷ್ಟಿಷ್ಟು ಮಾತಾಡುತ್ತದೆ;
ಮೇಲಿನ ತುದಿ, ಕಡಲನ್ನೇ ಎತ್ತಬಲ್ಲ ತುದಿ,
ಅಲ್ಲಿ ನನ್ನ ಚೌಕಗಳು ಬರಿಯ ಬಣ್ಣ.
ಸಾಲದ್ದಕ್ಕೆ ಸೂತ್ರದೊಳಗೊಂದು ಉಜ್ಜುಗೊರಡು:
ನೆರೆಮನೆಗಳು ತೀರ ಬೇರೆಯಾಗಬಾರದು.
ಬಿರುಕಿಗೆ ಅಂಥ ನೇಮವೇನೂ ಇರಲಿಲ್ಲ.

"ಎಲ್ಲಿಗೆ ನಿಂತಿತು?"
ಬಡಗಣ ತುದಿಯ ನೀಲಿ ಮನೆ ತೋರಿಸಿದೆ.
"ಅಲ್ಲೇ ಯಾಕ?"
ಗೊತ್ತಿಲ್ಲ ಅಂದೆ.
ಅವನು ಬಸಿಯಲ್ಲಿ ಚಹಾ ಆರಿಸಿದ.
"ಬಿದ್ದದ್ದಕ್ಕ ಎಲ್ಲಾರೂ ಲೆಕ್ಕ ಕೇಳ್ತಾರ.
ಅಮರೇಶನ ಮ್ಯಾಲೆ ಅರ್ಧ ಹಾಸುಗಲ್ಲು ಬಿತ್ತು, ಬರ್ಕೊಂಡ್ರು.
ಉಳಿದರ್ಧ ಇನ್ನಾ ಅಲ್ಲೇ ನಿಂತೈತಿ."

ನೀಲಿ ಮನೆಗೆ ಸೊನ್ನೆ ಬರೆದೆ.
ಅಷ್ಟರಲ್ಲಿ ಸೈರನ್ನು, ಆಮೇಲೆ ಕೆಳಗಿನ ಮದ್ದು;
ಲೋಟದ ಚಹಾದಲ್ಲಿ ಬಳೆಯ ಮೇಲೆ ಬಳೆ.
ಗದ್ದಲವೆಂದು ನಾಳೆ ಅಳಿಸಬೇಕು ಇದನ್ನ,
ಹೊತ್ತು ಗುರುತು ಹಾಕಿಕೊಂಡೆ.
ಹುಸೇನಪ್ಪ ಬಲಗಿವಿ ವಾಲಿಸಿ, ಬೆರಳು ಮಡಿಚುತ್ತಾ ಇದ್ದ.
"ಹನ್ನೆರಡರಾಗ ಎರಡು ಹೊಡೀಲಿಲ್ಲ" ಅಂದ.