ನಾಲ್ಕು ಗೇಣು

ಶಾರ್ಜಾ, ಆಗಸ್ಟ್, ನಲವತ್ತಾರು ಡಿಗ್ರಿ.
ಕಾರವಾನಿನೊಳಗೆ ಸೇಲ್ಸ್‌ಮನ್ ರಿಮೋಟ್ ಒತ್ತಿದ:
ಗಾಜಿನ ಹಿಂದೆ ಹೊತ್ತಿತು ಬೆಂಕಿ,
ಹೊಗೆಯಿಲ್ಲ, ಬೂದಿಯಿಲ್ಲ,
ಚಟಪಟ ಸದ್ದು ಮಾತ್ರ, ಸ್ಪೀಕರಿನಿಂದ.

"ಜೆಬೆಲ್ ಜೈಸ್ ಮೇಲೆ ಜನವರಿಯಲ್ಲಿ
ಚಳಿ ಮಾರಾಯ್ತಿ" ಎಂದೆ.
ಸಫೂರಾ ಉತ್ತರಿಸದೆ
ಬೆಂಕಿಯ ಅಗಲವನ್ನು ಗೇಣಿನಲ್ಲಿ ಅಳೆದಳು.
ನಾಲ್ಕು.
ಅಂದರೆ ಬಿರಿಯಾನಿಯ ದೇಗ್ಚಿ, ಎರಡು ಚಾಪೆ,
ನೀರಿನ ಕ್ಯಾನು, ನನ್ನ ಮಂಡಿನೋವಿನ ಎಣ್ಣೆ.

ಪಕ್ಕದ ಗಾಡಿಯಲ್ಲಿ ಅದೇ ಜಾಗಕ್ಕೆ ಬರೀ ಕಪಾಟು.
ಮಗಳು ಒಳಹೊಕ್ಕು ಬಾಗಿಲೆಳೆದುಕೊಂಡು
ಕತ್ತಲೊಳಗಿಂದ ಕೂಗಿದಳು:
"ನಾನೂ ಹಿಡಿಸ್ತೇನೆ!"
ಅಲ್ಲಿಗೆ ಮುಗಿಯಿತು ವ್ಯಾಪಾರ.

ಮುಂಗಡ ಕೊಟ್ಟು ಹೊರಡುವಾಗ ಇಣುಕಿದೆ.
ಬೆಂಕಿ ಆರಿಸಿರಲಿಲ್ಲ.
ಗಾಡಿ ತೊಳೆಯುವ ಹುಡುಗ, ಚಿತ್ರಾಲಿನವನು,
ಒದ್ದೆ ಅಂಗೈ ಅದಕ್ಕೊಡ್ಡಿ
ಕುಕ್ಕರುಗಾಲಲ್ಲಿ ಕೂತಿದ್ದ,
ಎಸಿಯ ಗಾಳಿ ಬೆನ್ನಿಗೆ ಬೀಸುತ್ತಿತ್ತು.