ಸವಕಳಿ

ನವನಗರದಾಗ ದವಾಖಾನಿ ಹಿಂದ, ಬೇವಿನ ಗಿಡದ ಬುಡಕ
ಬೂದಿಬಣ್ಣದ ಕಾರು.
ಮೂಗಿನ ಮ್ಯಾಲ ಬೇವಿನ ಹೂವು ಉದರಿ
ಯಾರೋ ಅಕ್ಕಿಕಾಳು ಹಾಕಿ ಊಟಕ್ಕ ಹೋದಂಗ.

ಡೋಂಗ್ರಿಸಾಬ ಬಾನೆಟ್ಟು ಎತ್ತಲಿಲ್ಲ.
ಗೋಣಿಚೀಲ ಹಾಸಿ ಅಂಗಾತ ಮಲಗಿ
ಸೀದಾ ಕಾರಿನ ಕೆಳಗ ಹೊಕ್ಕ.
ನನಗ ಅಂವನ ಮ್ಯಾಲ ನಂಬಿಗಿ ಬಂದಿದ್ದು ಅಲ್ಲೇ:
ನಾನೂ ಖಣಾ ತಗೊಳ್ಳೂ ಮುಂದ
ಮೊದಲು ತಿರುವಿ ಹಿಂಬದಿ ನೋಡಾಕಿ.

"ಅಕ್ಕಾರ, ಎಲ್ಲೆಲ್ಲಿ ಓಡಸಾವ್ರು?" ಕೆಳಗಿಂದನ ಕೇಳಿದ.
ವಾರಕ್ಕೆರಡು ಸಲ ಗುಳೇದಗುಡ್ಡ, ಅಂದ್ನಿ.
ತಿಂಗಳಿಗೊಮ್ಮೆ ಇಳಕಲ್ಲು. ಮುಧೋಳದಾಗ ಎರಡು ಅಂಗಡಿ,
ಬಾಕಿ ಕೇಳಾಕ ಹೋದ್ರ ಚಹಾ ಕುಡಿಸಿ ಕಳಸ್ತಾರ.
ಬಸ್ಸಿಗೆ ಗಂಟು ಹೊತ್ತು ಹೊತ್ತು ಹತ್ತೊಂಬತ್ತು ವರ್ಷಕ್ಕ
ಈ ಎಡಗಡೆ ಹೆಗಲು ಎರಡು ಬೆರಳು ಕೆಳಗ ಇಳದೈತಿ.

"ಹಂಗಾದ್ರ ಮಂದಿ ಹೊಗಳೂ ಗಾಡಿ ನಿಮಗ್ಯಾಕ್ರಿ?"

ಹೋದ ಐತವಾರ ನಮ್ಮ ಮೈದುನ ತೋರಿಸಿದ್ದ ಅಂಥಾದ್ದೊಂದು.
ಹದಿನಾಕು ವರ್ಷದ್ದು. ನಾಕು ಲಕ್ಷ ಕೇಳಿದ್ರು.
"ವೈನಿ, ಇದರ ರೇಟ್ ಇಳಿಯಂಗೇ ಇಲ್ಲ" ಅಂದ,
ಬಂಗಾರದ ಮಾತಾಡಿದಂಗ.
ಕಾಲಾಗಿನ ಚಾಪಿ ಎತ್ತಿದ್ರ ತುಕ್ಕು ತಿಂದ ತೂತಿನ್ಯಾಗ
ಡಾಂಬರು ಕಾಣತಿತ್ತು.

ಇದರದು ಹಂಗಲ್ಲ.
ಮಾಡಿದ ಕಂಪನಿಯವರು ಅಂಗಡಿ ಕಿತ್ತಿ ದೇಶಾ ಬಿಟ್ಟು ಹ್ವಾದ್ರು.
ಅವತ್ತಿನಿಂದ ಇದನ್ನ ಯಾರೂ ಕೇಳವಲ್ರು.
ಹನ್ನೊಂದೂವರಿ ಲಕ್ಷದ್ದು,
ಏಳು ವರ್ಷಕ್ಕ ಎರಡು ಲಕ್ಷ ನಲವತ್ತು ಸಾವಿರ.
ಡೋಂಗ್ರಿಸಾಬ ಹೊರಗ ಬಂದು ಕೈ ಒರಸಿಕೊಂಡ.
"ಇಳದಿದ್ದು ಹೆಸರು, ಎಂಜಿನ್ ಅಲ್ಲ.
ಸಾಮಾನು ಕೊಲ್ಲಾಪುರದಾಗ ಸಿಗತಾವು, ಗೊತ್ತಿದ್ದಾಂವ ಅದಾನ.
ಬೆಲ್ಟು ಬದಲಿ ಮಾಡಸ್ರಿ. ಮುಂದಿನ ಎರಡು ಗಾಲಿ ಹೊಸಾವು ಹಾಕಸ್ರಿ.
ತಿರುಗಿ ಮಾರೂ ಆಸೆ ಇಟ್ಟೀರಂದ್ರ ಮಾತ್ರ ಮುಟ್ಟಬ್ಯಾಡ್ರಿ."

ಮಲಘಾಣ ಡಾಕ್ಟರು ಬಾಗಲದಾಗ ನಿಂತಿದ್ರು,
ಫೇಲಾದ ಮಗನ ಮಾರ್ಕ್ಸ್ ಕಾರ್ಡ್ ಹಿಡದವರಂಗ
ಸರ್ವಿಸ್ ಪುಸ್ತಕ ಹಿಡಕೊಂಡು.
ನಾನು ವ್ಯಾಪಾರದಾಕಿ. ಸುಮ್ಮನಿರಲಿಲ್ಲ.
ಗಾಲಿಗೆ ಇಷ್ಟು, ಬೆಲ್ಟಿಗೆ ಇಷ್ಟು, ಹಿಂದಿನ ಬಾಗಲದ ಗೀರಿಗೆ ಇಷ್ಟು,
"ಮ್ಯಾಲ ಏಳು ವರ್ಷದ ಸವಕಳಿ" ಅಂದ್ನಿ.

ಅಂದ ಮ್ಯಾಲ ನಾಲಿಗಿ ಅಲ್ಲೇ ನಿಂತಿತು.

ಆ ಶಬ್ದ ನಾನು ಕಲ್ತಿದ್ದು ಸಾಲ್ಯಾಗಲ್ಲ.
ಊರು ಮುಳುಗೂ ಮೊದಲು, ಕಿಲ್ಲಾದಾಗಿನ ನಮ್ಮ ತವರಮನ್ಯಾಗ
ಟೇಪು ಹಿಡಕೊಂಡು ಬಂದ ಒಬ್ಬ ಹುಡುಗ ಇಂಜಿನಿಯರ್
ಗ್ವಾಡಿಗೆ ಇಷ್ಟು ವರ್ಷ, ತೊಲಿಗೆ ಇಷ್ಟು ವರ್ಷ,
ಸವಕಳಿ ಕಳದು ಇಷ್ಟು, ಅಂತ ಬರಕೊಂಡ.
ಅಪ್ಪ ಜೋಳದ ಚೀಲದ ಮ್ಯಾಲ ಕುಂತಿದ್ದ. ಒಂದ ಕೇಳಿದ:
"ಎಂಥಾ ಮಳ್ಯಾಗೂ ಒಂದು ಹನಿ ಸೋರಿಲ್ಲೋ ತಮ್ಮಾ.
ಅದಕ್ಕೇನು ಕೂಡಸ್ತಿ?"
ಹುಡುಗ ಹಾಳಿ ತಿರುವಿ ತಿರುವಿ ನೋಡಿದ.
ಫಾರ್ಮಿನ್ಯಾಗ ಅದಕ್ಕ ಖಾನೆ ಇರಲಿಲ್ಲ.

ಡಾಕ್ಟರು ಪುಸ್ತಕ ಮುಚ್ಚಿದ್ರು.
"ನಡುದಾರ್ಯಾಗ ಒಮ್ಮೆನೂ ಕೈ ಕೊಟ್ಟಿಲ್ರಿ ಇದು" ಅಂದ್ರು,
ಬಾಳ ಸಣ್ಣ ದನಿಲೆ, ರೊಕ್ಕದ ಮಾತಲ್ಲ ಅನ್ನೂಹಂಗ.

ಎರಡು ಲಕ್ಷಕ್ಕ ಮುಗೀತು.
ನೋಟು ಎಣಿಸಿ ಕೊಟ್ಟು, ಚೀಲದಾಗ ಮತ್ತ ಕೈ ಹಾಕಿ
ಐದು ಸಾವಿರ ಬ್ಯಾರೆ ಇಟ್ನಿ.
ಡೋಂಗ್ರಿಸಾಬ ಜೋರಾಗಿ ಕೆಮ್ಮಿದ.
"ಇದು ಯಾತಕ್ರೀ?" ಡಾಕ್ಟರು.
"ಸೋರಿಲ್ಲಲ್ರಿ, ಅದಕ್ಕ" ಅಂದ್ನಿ.

ಅವರು ಬಗ್ಗಿ
ಕಾರಿನ ಒಳಗಿನ ಛತ್ತು ನೋಡಾಕ ಹತ್ತಿದ್ರು.