ಎಡಕ್ಕೆ ಏರುವ ಗೆರೆ

ಶುಕ್ರವಾರದ ಕೊನೆಯ ಗಾಡಿ ಟಾರ್ಕಿಲ್‌ನದು.
ಮೂರೂವರೆಗೇ ಹೊತ್ತು ಮುಳುಗುವ ಡಿಸೆಂಬರ್,
ಶೆಡ್ಡಿನ ತಗಡಿಗೆ ಲೂಯಿಸ್ ದ್ವೀಪದ ಗಾಳಿ
ಹೆಗಲು ಕೊಟ್ಟು ನೂಕುತ್ತಿತ್ತು.
ಬ್ರೇಕು ಸರಿ. ಟೈರು ಸರಿ. ತಳದ ತುಕ್ಕು
ಈ ಉಪ್ಪುಗಾಳಿಯ ಊರಲ್ಲಿ ನೆಂಟರಿದ್ದ ಹಾಗೆ,
ಮಿತಿಯಲ್ಲಿದ್ದರೆ ಸಾಕು.

"ಹೊಸ ಬಲ್ಬು ನೋಡು ಮರ್ಡೀನಾ" ಅಂದ,
ಮಗುವಿನ ಮೊದಲ ಹಲ್ಲು ತೋರಿಸುವವನ ಹಾಗೆ.
"ಹಾಲು ಸುರಿದಂತೆ ಬೀಳ್ತದೆ.
ಹೋದ ಚಳಿಗಾಲ ಜಿಂಕೆ ಗುದ್ದಿತ್ತಲ್ಲ,
ಆ ಹಳದಿ ಬೆಳಕಲ್ಲಿ ಅದರ ಕಣ್ಣು ಕಾಣೋ ಹೊತ್ತಿಗೆ
ಕಾಲು ಬಾನೆಟ್ಟಿನ ಮೇಲಿತ್ತು."

ಗೊತ್ತು. ಆ ಬಂಪರ್ ಕೂರಿಸಿದ್ದು ನಾನೇ.

ಯಂತ್ರ ಉರುಳಿಸಿ ದೀಪದೆದುರು ನಿಲ್ಲಿಸಿದೆ.
ಒಳಗೊಂದು ಪುಟ್ಟ ಹಲಗೆ, ಅದರ ಮೇಲೊಂದು ಗೆರೆ:
ಬಲಕ್ಕೆ ಮಟ್ಟಸ, ನಡುವೆ ಮುರಿದು
ಎಡಕ್ಕೆ ಏರಬೇಕು.
ಎಡಕ್ಕೆ ಬೇಲಿ, ಕುರಿ, ನಡೆದು ಹೋಗುವ ಮುದುಕ;
ಬಲಕ್ಕೆ, ಎದುರು ಬರುವವರು.
ಬೆಳಕು ಈ ಕಡೆ ಕತ್ತೆತ್ತಿ ಹುಡುಕಲಿ,
ಆ ಕಡೆ ತಲೆ ತಗ್ಗಿಸಲಿ. ಕಾನೂನು ಅಷ್ಟೇ.

ಟಾರ್ಕಿಲ್‌ನ ದೀಪಕ್ಕೆ ಗೆರೆಯೇ ಇಲ್ಲ.
ಹಲಗೆ ತುಂಬ ಚೆಲ್ಲಿದ ಹಿಟ್ಟು.

ಹೇಳಿದೆ: ಈ ಗೂಡಿನ ಒಳಗನ್ನಡಿ
ಒಂದು ಕಾದ ತಂತಿಗೆಂದು ತಿದ್ದಿದ್ದು,
ಕಾಳಿನಷ್ಟು ಜಾಗ. ಅಲ್ಲಿ ಹುಟ್ಟಿದ ಬೆಳಕಿಗೆ
ದಾರಿ ಗೊತ್ತು. ನಿನ್ನ ಎಲ್‌ಇಡಿ ಬೇರೆಲ್ಲೋ ಹುಟ್ಟಿ
ಕಂಡವರ ಮನೆಗೆ ನುಗ್ಗುತ್ತೆ.
ಹ್ಯಾಲೊಜನ್ ಗೂಡಿಗೆ ಎಲ್‌ಇಡಿ ಅಂದರೆ
ಕೈಪಿಡಿಯಲ್ಲಿ ಎರಡು ಮಾತಿಲ್ಲ. ಫೇಲು.

"ಮತ್ತೆ ಅಂಗಡಿಯಲ್ಲಿ ಮಾರ್ತಾರಲ್ಲ?"
ಮಾರ್ತಾರೆ. ಡಬ್ಬಿ ತಾ.
ಮುಂದೆ ಸೂರ್ಯ, ಮಿಂಚು, ಓಡುವ ಚಿರತೆ;
ಬೆನ್ನಿಗೆ ಇರುವೆಸಾಲಿನ ಅಕ್ಷರದಲ್ಲಿ
'ಸಾರ್ವಜನಿಕ ರಸ್ತೆಗಲ್ಲ.'
ಭೂತಗನ್ನಡಿ ಬೇಕಾಯಿತು ಇಬ್ಬರಿಗೂ.
ನಗು ಬಂದಿದ್ದು ಅವನಿಗೇ ಮೊದಲು.

ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ.
ಇದರ ಕತ್ತಲು ತುದಿಯಲ್ಲಿ.
ಆ ತುದಿಯಲ್ಲಿ ನಾನಿದ್ದೆ.

ಹೋದ ಮಂಗಳವಾರ, ಪೆಂಟ್‌ಲೆಂಡ್ ರಸ್ತೆ,
ಒಂದೇ ಗಾಡಿಯ ಅಗಲ. ಎದುರಿಗೆ ಯಾರೋ.
ದೀಪ ತಗ್ಗಿಸಿ, ದಾರಿ ಬಿಡುವ ಜಾಗಕ್ಕೆ ಸರಿದೆ.
ಜಾಗ ಎಲ್ಲಿ? ಕಂಬ ಎಲ್ಲಿ? ರಸ್ತೆ?
ನೀಲಿಯಂಚಿನ ಬಿಳುಪು, ರೆಪ್ಪೆಯ ಒಳಗೂ ಹೊರಗೂ.
ಆಮೇಲೆ ಎಡಗಾಲಿ ಇಳಿದ ಸದ್ದು,
ಕೆಸರು ಬಾಯಿ ತೆರೆದು ಮುಚ್ಚಿದ ಸದ್ದು.
ಅವರು ಕೈಯೆತ್ತಿರಬೇಕು, ಇಲ್ಲಿ ಎಲ್ಲರೂ ಎತ್ತುತ್ತಾರೆ.
ನನಗೆ ಕೈ ಕಾಣಲಿಲ್ಲ.
ಎರಡು ಗಂಟೆ ಜೌಗಿನಲ್ಲಿ ಓರೆಯಾಗಿ ಕೂತೆ,
ಫ್ಲಾಸ್ಕಿನ ಚಹಾ ತೊಡೆಯ ಮೇಲೆ ಆರುತ್ತ,
ಕಣ್ಣೊಳಗೆ ಎರಡು ಹಸಿರು ನಾಣ್ಯ,
ಒಂದು ಕೊಂಚ ಮೇಲೆ, ಇನ್ನೊಂದು ಕೊಂಚ ಓರೆ.

ಈಗ ಹಲಗೆಯ ಮೇಲೂ ಹಾಗೇ.

ಕೇಳಬಹುದಿತ್ತು, ಮಂಗಳವಾರ ರಾತ್ರಿ ಎಲ್ಲಿದ್ದೆ?
ಪರದೆಯ ಮೇಲೆ ಚೌಕಗಳಿವೆ: ಮೂಲ, ಗುರಿ, ಬಣ್ಣ.
ಎದುರಿಗಿದ್ದವರು ಯಾರು ಎಂಬುದಕ್ಕೆ ಚೌಕವಿಲ್ಲ.
ಇರಬಾರದು ಅಂತಲೂ ಅನ್ನಿಸಿತು.
ಆದರೂ ಬೆರಳು ಗುಂಡಿಯನ್ನು
ಬೇಕಾದ್ದಕ್ಕಿಂತ ಜೋರಾಗಿ ಒತ್ತಿತು. ಒಪ್ಪುತ್ತೇನೆ.

ಗಾಜು ಸವರಿ ನೋಡಿದೆ. ಪೊರೆ ಬಂದ ಕಣ್ಣು.
ನಿನ್ನ ಹಳದಿ ಬಲ್ಬಿನದಲ್ಲ ಟಾರ್ಕಿಲ್,
ಹನ್ನೆರಡು ವರ್ಷದ ಉಪ್ಪು.
ಮರಳುಕಾಗದ ಒದ್ದೆ ಮಾಡಿ ಉಜ್ಜಿದೆವು, ಆಚೆಗೊಬ್ಬ ಈಚೆಗೊಬ್ಬಳು.
ಅವನ ಟೂಲ್‌ಬಾಕ್ಸಿನ ತಳದಲ್ಲಿ, ಕಾಲುಚೀಲದೊಳಗೆ,
ಹಳೆಯ ಬಲ್ಬುಗಳು ಬೆಚ್ಚಗಿದ್ದವು.

ಮತ್ತೆ ಪರೀಕ್ಷೆ. ಪಾಸು.

ಅಂಗಳದಲ್ಲಿ ನನ್ನ ವ್ಯಾನು ಕಂಡ,
ಎಡಬದಿಗೆ ಮೆತ್ತಿ ಒಣಗಿದ ಕಪ್ಪು ಕೆಸರು.
"ಎಲ್ಲಿ ಇಳಿಸಿದೆ ಇದನ್ನ?"
ಪೆಂಟ್‌ಲೆಂಡ್, ಅಂದೆ.

ಎಂಜಿನ್ ನಿಂತಲ್ಲೇ ಓಡುತ್ತಿತ್ತು ತುಂಬ ಹೊತ್ತು.
ಅವನ ಬೆಳಕು ನನ್ನ ವ್ಯಾನಿನ ಬಾಗಿಲ ಮೇಲೆ,
ಗೆರೆ, ಹಿಡಿಕೆಗಿಂತ ಒಂದು ಗೇಣು ಕೆಳಗೆ.